ಎರಡನೆಯ ಸಿಲಿಂಡರ್

ದೇವರನ್ನು ನಂಬುವವಳು ನಾನು. ದೋಹಾದಲ್ಲಿದ್ದಾಗ, ಅಲ್ಲಿನ ವಾರದ ರಜೆ ಶುಕ್ರವಾರ, ಅಬು ಹಮೂರಿನ ಚರ್ಚಿಗೆ ತಪ್ಪದೆ ಹೋಗುತ್ತಿದ್ದೆ. ಆದರೆ ಯಾರಾದರೂ ಕಾಣದ ದನಿ ಕೇಳಿಸಿತು ಎಂದರೆ, 'ಹೋಗಿ ಕಿವಿ ತೋರಿಸಿಕೊಳ್ಳಿ' ಎನ್ನುವ ಜಾತಿ. ಇದನ್ನು ಓದಿ ನೀವು ನನಗೂ ಅದೇ ಮಾತು ಹೇಳಿದರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಒಂಬತ್ತರ ಸುಮಾರು. ನಾನು ದೋಹಾದಲ್ಲಿ ನರ್ಸ್. ಆಗ ಕೆಲವು ಪೈಲಟ್‌ಗಳು ತಮ್ಮ ರಜೆಯ ದಿನಗಳಲ್ಲಿ, ಸಂಬಳ ತೆಗೆದುಕೊಳ್ಳದೆ, ಕಾಯಿಲೆಯ ಮಕ್ಕಳನ್ನು ಚಿಕಿತ್ಸೆಗೆ ಕರೆದೊಯ್ಯುತ್ತಿದ್ದರು. ಒಬ್ಬ ಕತಾರಿ ಧಣಿ ತನ್ನ ಪುಟ್ಟ ವಿಮಾನ ಸುಮ್ಮನೆ ನಿಂತಿರುವಾಗ ಕೊಡುತ್ತಿದ್ದ. ಧಾರವಾಡದ ಕಡೆಯ ಕ್ಯಾಪ್ಟನ್ ಕುಲಕರ್ಣಿ ಇದಕ್ಕೆಲ್ಲ ಮುಂದಾಳು. ಮಗುವಿನ ಜೊತೆ ಹೋಗುವವಳು ನಾನು.

ಆ ಮಧ್ಯಾಹ್ನದ ಮಗು ನಾಲ್ಕು ವರ್ಷದ ಸಫಿಯಾ, ಉಳ್ಳಾಲದ ಒಬ್ಬ ಡ್ರೈವರನ ಮಗಳು. ಹೃದಯದಲ್ಲಿ ತೂತು, ತುಟಿಯೆಲ್ಲ ನೀಲಿ. ಮುಂಬೈಯಲ್ಲಿ ಸರ್ಜನ್ ಕಾಯುತ್ತಿದ್ದರು. ಆಕ್ಸಿಜನ್ ಒಂದು ಸಿಲಿಂಡರ್ ಅರ್ಧ ದಾರಿಗೆ, ಇನ್ನೊಂದು ಉಳಿದರ್ಧಕ್ಕೆ. ಒಂದು ಕೈಕೊಟ್ಟರೂ ಸಮುದ್ರದ ಮೇಲೆಯೇ ಮಗು ಹೋಗಿಬಿಡುತ್ತಿತ್ತು. ಅದರ ಮೇಲೆ ಧೂಳುಗಾಳಿ ಬೇರೆ ಏಳುತ್ತಿತ್ತು. ಈಗ ಹೊರಡದಿದ್ದರೆ ಇವತ್ತು ಹೊರಡುವ ಮಾತೇ ಇಲ್ಲ ಎಂದು ವಿಮಾನ ನಿಲ್ದಾಣದ ಟವರಿನವರು ಹೇಳಿದ್ದರು.

ಕ್ಯಾಪ್ಟನ್ನರದು ಒಂದು ಪದ್ಧತಿ. ಬಾಗಿಲು ಹಾಕಿದ ಮೇಲೆ ಮುಂದಿನಿಂದ ಹೆಡ್‌ಸೆಟ್‌ನಲ್ಲಿ ಒಂದೊಂದಾಗಿ ಕೇಳುವರು, ಹಿಂದಿನಿಂದ ನಾನು ಉತ್ತರ ಕೊಡಬೇಕು. ಎಲ್ಲದಕ್ಕೂ 'ಇದೆ' ಎನ್ನುವತನಕ ಚಕ್ರ ಅಲುಗಾಡುವ ಹಾಗಿಲ್ಲ. ಮಗುವಿನ ತಾಯಿಗೆ ಹೆಡ್‌ಸೆಟ್ ಇರಲಿಲ್ಲ. ಸಹ ಪೈಲಟ್ ಟವರಿನವರ ಜೊತೆ ಮಾತಿನಲ್ಲಿದ್ದ.

"ಔಷಧ?"

"ಇದೆ."

"ಮೊದಲನೇ ಸಿಲಿಂಡರ್?"

"ಇದೆ."

"ಎರಡನೇದು?"

ಸಿಲಿಂಡರಿನ ಮೀಟರಿನ ಮುಳ್ಳು ಫುಲ್ ತೋರಿಸುತ್ತಿತ್ತು. ನಾನು ಬಾಯಿ ತೆರೆದೆ ಅಷ್ಟೆ. ಕಿವಿಯಲ್ಲಿ ಸ್ಪಷ್ಟವಾಗಿ ಕ್ಯಾಪ್ಟನ್ನರ ದನಿ: "ಮಾಫಿ." ಇಲ್ಲ ಎನ್ನಲು ಗಲ್ಫಿನಲ್ಲಿ ನಾವೆಲ್ಲ ಬಳಸುವ ಅರಬಿ ಮಾತು.

ನನಗೆ ರೇಗಿತು. ಮುಂದೆ ಕೂತವರಿಗೆ ನನ್ನ ಸಿಲಿಂಡರಿನ ಸಂಗತಿ ಏನು ಗೊತ್ತು? ತೋರಿಸಿಯೇ ಬಿಡುತ್ತೇನೆಂದು ಕೀ ತಿರುಗಿಸಿ, ನಳಿಗೆಯನ್ನು ಕೆನ್ನೆಗೆ ಹಿಡಿದೆ. ಗಾಳಿ ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ. ಉಸಿರಿನಷ್ಟೂ ಇಲ್ಲ. ಸಿಲಿಂಡರ್ ಖಾಲಿ, ಮುಳ್ಳು ಮಾತ್ರ ಫುಲ್ಲಿನಲ್ಲೇ ಸಿಕ್ಕಿಕೊಂಡಿತ್ತು.

ಬಾಗಿಲು ತೆಗೆಸಿ, ಕೆಳಗೆ ಇನ್ನೂ ನಿಂತಿದ್ದ ಆಂಬುಲೆನ್ಸಿಗೆ ಹೇಳಿ ಬೇರೆಯದು ತರಿಸುವಷ್ಟರಲ್ಲಿ ಕಿಟಕಿಯ ಹೊರಗೆ ಕಂದು ಬಣ್ಣ ಏರಿ ಬಂದಿತ್ತು. ತಾಯಿ ಮಗುವಿನ ಪಾದ ಹಿಡಿದು ಕೂತಿದ್ದಳು.

"ಮಗು ಉಳೀತದಾ ಸಿಸ್ಟರ್?"

"ಉಳೀತದೆ. ನೀವು ಹೆದರ್ಬೇಡಿ," ಎಂದೆ. ಹೊಸ ಸಿಲಿಂಡರ್ ತೆರೆದು ನೋಡಿ 'ಇದೆ' ಎಂದೆ. ಧೂಳು ರನ್‌ವೇ ಮುಚ್ಚುವ ಮೊದಲು ಹೇಗೋ ಮೇಲೆದ್ದೆವು.

ಮುಂಬೈಯಲ್ಲಿ ಸಫಿಯಾಳನ್ನು ಡಾಕ್ಟರರ ಕೈಗೆ ಒಪ್ಪಿಸಿ ಬಂದಾಗ ಕ್ಯಾಪ್ಟನ್ ನನಗೆ ಕೈಮುಗಿದರು.

"ಸಿಸ್ಟರ್, ನೀವು ಮಾಫಿ ಅನ್ನಲಿಲ್ಲಾಂದ್ರ ಆ ಕೂಸು ಇಲ್ಲಿ ಮಟಾ ಬರ್ತಿರಲಿಲ್ಲ ನೋಡ್ರಿ."

"ನಾನಾ? ಹೇಳಿದ್ದು ನೀವಲ್ವಾ ಮಾರಾಯ್ರೆ?"

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಾ ಕೇಳಾಂವ ರೀ. ನಾನ ಕೇಳಿ ನಾನ ಯಾಕ ಉತ್ತರ ಕೊಡ್ಲಿ? ನಿಮ್ಮ ದನೀನ ಅದು, ಖರೇನ."

ಸಫಿಯಾ ಈಗ ಕಾಲೇಜು ಓದುತ್ತಿದ್ದಾಳೆ. ಕ್ಯಾಪ್ಟನ್ ಫೋನು ಮಾಡಿದಾಗಲೆಲ್ಲ ಇದೇ ವಾದ. ಅವರು ಬಿಟ್ಟುಕೊಡುವುದಿಲ್ಲ, ನಾನೂ ಬಿಡುವುದಿಲ್ಲ. ದಣಿದ ಕಿವಿ, ಇಂಜಿನ್ನಿನ ಸದ್ದು ಎಂದೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಆದರೆ ಇಬ್ಬರಿಗೂ ಒಂದೇ ಮಾತು ಕೇಳಿಸಿತಲ್ಲ, ಅದಕ್ಕೇನನ್ನಲಿ? ಆ ಕ್ಷಣ ನನ್ನ ನಾಲಗೆಯ ತುದಿಯಲ್ಲಿದ್ದದ್ದು 'ಇದೆ' ಎಂಬ ಮಾತು, ಮುಳ್ಳು ನೋಡಿಯೇ ಹೇಳಹೊರಟಿದ್ದ ಮಾತು. ಅದನ್ನು ನೆನೆದರೆ ಈಗಲೂ ನನಗೆ ಭಯವಾಗುತ್ತದೆ.