ಬಸ್ಸಿನಲ್ಲಿ ಆಡಿದ ಇಂಗ್ಲಿಷ್

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸುಮಲತಾ ಟೀಚರ್ ಎದುರಾದರೆ ಜನ ಇಂಗ್ಲಿಷ್ ಪದಗಳನ್ನು ನುಂಗಿಕೊಂಡು ಮಾತಾಡುತ್ತಾರೆ. ಔಷಧಿ ಅಂಗಡಿಯವನು ಆಕೆಯ ಮುಂದೆ ಮಾತ್ರ ಟ್ಯಾಬ್ಲೆಟ್ ಅನ್ನದೆ ಗುಳಿಗಿ ಅನ್ನುತ್ತಾನೆ. ಮದುವೆಗೆ ಕರೆಯಲು ಬಂದವರು ಪತ್ರವನ್ನು ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟು ಹೋಗುತ್ತಾರೆ. ಕೈಗೆ ಕೊಟ್ಟರೆ ಅಲ್ಲೇ ಓದಿ ತಪ್ಪು ತೋರಿಸುತ್ತಾಳೆಂಬ ಭಯ. ಓಣಿಗೆಲ್ಲ ಗೊತ್ತಿದ್ದ ಈ ಸಂಗತಿ ಆಕೆಗೊಬ್ಬಳಿಗೇ ಗೊತ್ತಿರಲಿಲ್ಲ.

ಆಕೆ ಹುಟ್ಟಿದ್ದು ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ. ಅಪ್ಪ ಗುಡ್ಡಪ್ಪ ಗಣಿಯಲ್ಲಿ ಅದಿರು ತುಂಬುವ ಕೂಲಿ. ಊರಿನ ಕನ್ನಡ ಶಾಲೆ ಮುಗಿಸಿ ಹೊಸಪೇಟೆಯ ಕಾಲೇಜಿಗೆ ಬಂದು, ಹಟ ಹಿಡಿದು ಇಂಗ್ಲಿಷ್ ಐಚ್ಛಿಕ ಆರಿಸಿಕೊಂಡಳು. ಮೊದಲ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ವಾಕ್ಯ ತಪ್ಪಿಲ್ಲದೆ ಮನಸ್ಸಿನಲ್ಲಿ ಸಿದ್ಧವಾದ ಮೇಲೆ ಮಾತ್ರ ಮಾತಾಡುವುದೆಂದು ಆಗ ಮಾಡಿಕೊಂಡ ನಿಯಮ ಆಕೆಯನ್ನು ಕಾಪಾಡಿತು. ಓದು ಮುಗಿದ ಮೇಲೂ ಆಕೆ ಅದನ್ನು ಬಿಡಲಿಲ್ಲ. ಎದುರಿಗೆ ಸಿಕ್ಕವರಿಗೂ ಅನ್ವಯಿಸತೊಡಗಿದಳು.

ಪಾಠದ ಮಟ್ಟಿಗೆ ಮಾತ್ರ ಆಕೆಯನ್ನು ದೂರುವಂತಿಲ್ಲ. ಖಾಸಗಿ ಪ್ರೌಢಶಾಲೆಯಲ್ಲಿ ವಾರಕ್ಕೊಂದು ಕ್ರಿಯಾಪದ ಎತ್ತಿಕೊಂಡು ಅದನ್ನು ಬಿಡಿಸಿ ತೋರಿಸುತ್ತಾಳೆ. ಈ ವರ್ಷ ಮಳೆಗಾಲದ ಹೊತ್ತಿಗೆ 'ಟೇಕ್'ಗೆ ಬಂದಿದ್ದಳು. ಮಕ್ಕಳು ಕಂಡಲ್ಲೆಲ್ಲ 'ತಗೋ' ಎಂದು ಅರ್ಥ ಬರೆಯುತ್ತವೆ. ಆಕೆ ಒಪ್ಪುವುದಿಲ್ಲ. ಗುಳಿಗಿ ತಗೊಳ್ಳುತ್ತೇವೆ, ಸರಿ. ಫೋಟೋ ತಗೊಳ್ಳುವುದಿಲ್ಲ, ತೆಗೆಯುತ್ತೇವೆ. ಬಸ್ಸು ಹಿಡಿಯುತ್ತೇವೆ, ಆಟೋ ಮಾಡಿಕೊಳ್ಳುತ್ತೇವೆ, ಪರೀಕ್ಷೆ ಬರೆಯುತ್ತೇವೆ. ಕಂಪ್ಲಿಗೆ ಹೋಗಲು ಒಂದು ತಾಸು ಬೇಕಾಗುತ್ತದೆ. ಮಗ ಅಪ್ಪನನ್ನು ಹೋಲುತ್ತಾನೆ. ಇಂಗ್ಲಿಷಿನವರು ಇಷ್ಟನ್ನೂ ಒಂದೇ ಟೇಕ್‌ನಲ್ಲಿ ಮುಗಿಸುತ್ತಾರೆ.

"ಮಿಸ್, ಅವರಿಗೆ ಬ್ಯಾರೆ ಶಬ್ದಾನ ಇಲ್ಲೇನ್ರಿ?" ಎಂದು ಒಬ್ಬಳು ಕೇಳಿದಳು.

"ನಿಮ್ಮನ್ಯಾಗ ಒಂದ ಚಮಚದಾಗ ಉಪ್ಪು, ಖಾರ, ಸಕ್ಕರಿ ಎಲ್ಲ ಹಾಕಂಗಿಲ್ಲೇನು? ಹಂಗ," ಎಂದಳು ಸುಮಲತಾ. ತರಗತಿ ನಕ್ಕಿತು. ಇಂಥ ಹೊತ್ತಿನಲ್ಲಿ ಆಕೆ ಬಹಳ ಚೆನ್ನಾಗಿ ಕಾಣುತ್ತಾಳೆ.

ಗಂಡ ಹುಲಿಗೇಶ್ ಐಟಿಐ ಓದಿದವನು. ಕುರೆಕುಪ್ಪದ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಮದುವೆಯಾದಾಗಿನಿಂದ ಅವನು ಮನೆಯಲ್ಲಿ ಇಂಗ್ಲಿಷಿನ ಒಂದು ಪೂರ್ತಿ ವಾಕ್ಯ ಆಡಿದ್ದಿಲ್ಲ. ಅವನಿಗೆ ಬರುವುದಿಲ್ಲ ಎಂದೇ ಆಕೆ ತಿಳಿದಿದ್ದಳು. ಈಗ ಸೂಪರ್‌ವೈಸರ್ ಹುದ್ದೆಗೆ ಅವನ ಹೆಸರು ಹೋಗಿತ್ತು. ಸಂದರ್ಶನ ಮಾಡುವ ಅಧಿಕಾರಿಗಳು ಬೇರೆ ರಾಜ್ಯದವರು, ಕನ್ನಡ ತಿಳಿಯದವರು. ಸುಮಲತಾ ಪ್ರಶ್ನೆಗಳನ್ನು ಊಹಿಸಿ, ಉತ್ತರಗಳನ್ನು ತಯಾರು ಮಾಡಿ, ಸಂಜೆ ಕೂತು ಕಲಿಸುತ್ತೇನೆಂದಳು.

"ನೋಡೂಣಂತ ತಗಿ," ಎಂದು ಹುಲಿಗೇಶ್ ಎದ್ದು ಹೋದ. ಪ್ರತಿ ಸಂಜೆಯೂ ಅವನಿಗೊಂದು ಕೆಲಸ ನೆನಪಾಗುತ್ತಿತ್ತು.

ಹಿಂದಿನ ಮನೆಯ ಭರಮಮ್ಮ ಒಂದು ದಿನ ಕರಿಬೇವು ಕೇಳಲು ಬಂದು ಬಾಗಿಲಲ್ಲೇ ನಿಂತಳು. ಅವಳ ತಮ್ಮನೂ ಹುಲಿಗೇಶ್ ಹೋಗುವ ಕಾರ್ಖಾನೆಯ ಬಸ್ಸಿನಲ್ಲೇ ಹೋಗುವವನು.

"ನಿಮ್ ಯಜಮಾನ್ರು ಭಾಳ ಮಸ್ತ್ ಇಂಗ್ಲಿಷ್ ಮಾತಾಡ್ತಾರಂತಲ್ರಿ ಸುಮಕ್ಕ. ಬಸ್ಸಿನ ಮಂದಿಯೆಲ್ಲ ಹೇಳ್ತಾರ."

"ಯಾರು, ನಮ್ಮನಿಯವ್ರಾ?"

"ಹೂಂ ಮತ್ತ. ನಿಮ್ಮ ಸಾಲಿಯಾಗ ಓದಿದ್ದಳಲ್ಲ ಸುಷ್ಮಿತಾ, ಆಕಿ ಜೋಡಿ. ಹತ್ತಿದಾಗಿಂದ ಇಳಿಯೋ ತನಕ. ನೀವೇ ಕಲ್ಸಿರಬೇಕು ಅಂದ್ಕಂಡೆ."

ಸುಮಲತಾ ಕರಿಬೇವು ಮುರಿಯಲು ಹೋಗಿ ಇಡೀ ಕೊಂಬೆಯನ್ನೇ ತಂದು ಕೊಟ್ಟಳು.

ಸುಷ್ಮಿತಾ ಆಕೆಯ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ತರಬೇತಿಯಲ್ಲಿದ್ದ ಹುಡುಗಿ. ಹುಲಿಗೇಶನನ್ನು ಅಂಕಲ್ ಎಂದು ಕರೆಯುವವಳು. ಅವರಿಬ್ಬರ ಬಗ್ಗೆ ಬೇರೆ ಅನುಮಾನ ಸುಮಲತಾಳಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆಕೆಯನ್ನು ಚುಚ್ಚಿದ್ದು ಬೇರೆ. ತನ್ನ ಜೀವನವನ್ನೇ ಇಟ್ಟು ಕಲಿತ ಭಾಷೆ, ತನ್ನ ಗಂಡ, ತಾನೇ ಕಲಿಸಿದ ಹುಡುಗಿ; ಮೂರೂ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿವೆ, ಅಲ್ಲಿ ತನಗೆ ಜಾಗವಿಲ್ಲ.

ಮರುದಿನ ಬುತ್ತಿ ಮರೆತಿದ್ದಾನೆಂಬ ನೆಪದಲ್ಲಿ ಬಸ್ಸು ನಿಲ್ಲುವಲ್ಲಿಗೆ ಹೋದಳು. ಬುತ್ತಿಯನ್ನು ಅವನ ಚೀಲದಿಂದ ತೆಗೆದಿಟ್ಟವಳೂ ಆಕೆಯೇ. ಕಿಟಕಿಯ ಪಕ್ಕ ಹುಲಿಗೇಶ್ ಕೂತಿದ್ದ. ಎರಡೂ ಕೈ ಮೇಲೆತ್ತಿ, ಕ್ರೇನಿನ ಕೊಕ್ಕೆ ಇಳಿಯುವ ಹಾಗೆ ನಿಧಾನವಾಗಿ ಇಳಿಸುತ್ತ, "ಯೆಸ್ಟರ್‌ಡೇ ಐ ಟೇಕ್ ಕ್ರೇನ್ ವೆರಿ ಸ್ಲೋ," ಎನ್ನುತ್ತಿದ್ದ. ಸುಷ್ಮಿತಾ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು.

ನಿನ್ನೆಯ ಮಾತಾದ್ದರಿಂದ ಅದು 'ಟುಕ್' ಆಗಬೇಕಿತ್ತು. ಹುಡುಗಿ ತಿದ್ದಲಿಲ್ಲ. ಸುಮಲತಾಳ ನಾಲಿಗೆ ತುದಿಗೆ ಬಂದ ತಿದ್ದುಪಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹೊರಟಿತು. ಬುತ್ತಿ ಆಕೆಯ ಕೈಯಲ್ಲೇ ಉಳಿಯಿತು.

ಶನಿವಾರ ಸಂತೆಯ ದಾರಿಯಲ್ಲಿ ಸುಷ್ಮಿತಾ ಸಿಕ್ಕಿದಳು. "ನಮಸ್ಕಾರ್ರಿ ಮಿಸ್," ಎಂದು ಹತ್ತಿರ ಬಂದವಳನ್ನು ಸುಮಲತಾ ತರಗತಿಯಲ್ಲಿ ನಿಲ್ಲಿಸಿದಂತೆ ನಿಲ್ಲಿಸಿಕೊಂಡಳು.

"ಏನವ್ವ, ಟ್ಯೂಷನ್ ಶುರು ಮಾಡೀಯಂತ."

"ಅಯ್ಯ, ಇಲ್ರಿ ಮಿಸ್. ನಾ ಏನೂ ಕಲ್ಸಂಗಿಲ್ಲ. ಅಂಕಲ್ ಮಾತಾಡ್ತಾರ, ನಾ ಕೇಳ್ತೀನಿ."

"ತಪ್ಪು ಮಾತಾಡಿದ್ರೂ?"

"ತಿದ್ದಿದ್ರ ಅವರು ಸುಮ್ನಾಗಿಬಿಡ್ತಾರಲ್ರಿ."

ತನ್ನ ಗಂಡ ಯಾವಾಗ ಸುಮ್ಮನಾಗುತ್ತಾನೆ ಎಂಬುದನ್ನು ಬೇರೆಯವರಿಂದ ಕೇಳಬೇಕಾಯಿತಲ್ಲ ಎಂದು ಸುಮಲತಾಳ ಮುಖ ಬಿಸಿಯಾಯಿತು. ಹುಡುಗಿ ಅದನ್ನು ಗಮನಿಸದೆ ಉತ್ಸಾಹದಿಂದ ವಿವರಿಸುತ್ತಿದ್ದಳು. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಒಂದು ಪದ್ಧತಿ ಇದೆ. ಇಳಿಯುವ ಆಪರೇಟರ್, ಏರುವ ಆಪರೇಟರ್ ಇಬ್ಬರೂ ಕ್ರೇನಿನ ಏಣಿಯ ಬುಡದಲ್ಲಿ ನಿಲ್ಲಬೇಕು. ಇಳಿದವನು ಯಂತ್ರದ ಸ್ಥಿತಿಯೆಲ್ಲ ಹೇಳಿ ಮುಗಿಸುವವರೆಗೆ ಬಂದವನು ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಕೇಳಿದ್ದನ್ನು ಕೇಳಿದಂತೆ ತಿರುಗಿ ಹೇಳಬೇಕು. ಅದು ಸರಿ ಬಂದ ಮೇಲೆಯೇ ಮೊದಲಿನವನು ಮನೆಗೆ ಹೋಗುವುದು. ಅದಕ್ಕೆ ಚಾರ್ಜ್ ತಗೊಳ್ಳುವುದು ಅನ್ನುತ್ತಾರೆ.

"ಬಸ್ಸಿನಾಗ ನಾ ಅಂಕಲ್ ಕಡೆಯಿಂದ ಹಂಗ ಚಾರ್ಜ್ ತಗೊಂತೀನಿ, ಅಷ್ಟರಿ."

ಟೇಕ್ ಚಾರ್ಜ್ ಎಂದರೆ ಅಧಿಕಾರ ವಹಿಸಿಕೊಳ್ಳುವುದು ಎಂದು ಸುಮಲತಾ ಅದೇ ವಾರ ಬೋರ್ಡಿನ ಮೇಲೆ ಬರೆದಿದ್ದಳು. ಆ ಅರ್ಥದಲ್ಲಿ ತಪ್ಪೇನಿರಲಿಲ್ಲ. ಆದರೆ ಅದರೊಳಗೆ ಬಾಯಿ ಮುಚ್ಚಿ ನಿಲ್ಲುವ ಒಬ್ಬ ಮನುಷ್ಯ ಇದ್ದಾನೆಂದು ಆಕೆಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಜಗಳ ತೆಗೆದಳು.

"ಇಂಟರ್‌ವ್ಯೂಗೂ ಆಕಿನ್ನೇ ಕರ್ಕಂಡು ಹೋಗ್ರಿ. ಮನ್ಯಾಗ ಟೀಚರ್ ಅದಾಳ ಅನ್ನದನ್ನ ಮರ್ತುಬಿಡ್ರಿ."

ಹುಲಿಗೇಶ್ ಶೂ ಒರೆಸುತ್ತಿದ್ದ. "ಮರ್ತಿಲ್ಲ ಸುಮಾ. ಟೀಚರ್ ಅದಾಳ ಅಂತಾನ ಬಾಯಿ ಬರವಲ್ದು. ನಿನ್ ಮುಂದ ಒಂದು ಮಾತು ಆಡಿದ್ರ ಪೇಪರ್ ಕೊಟ್ಟು ಮಾರ್ಕ್ಸಿಗೆ ಕುಂತಂಗ ಆಕ್ಕತಿ."

"ತಪ್ಪು ಹೇಳಿಕೊಟ್ಟೀನೇನು ಯಾವಾಗರ?"

"ಇಲ್ಲ. ಒಮ್ಮೆರ ತಪ್ಪು ಹೇಳಿದ್ರ ಚಲೋ ಇತ್ತು."

ಸುಮಲತಾ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಅವನೆದುರು ನೆಟ್ಟಗೆ ನಿಂತಳು. "ನನಗೂ ಚಾರ್ಜ್ ಕೊಡ್ರಿ," ಎಂದಳು. ಆಕೆ ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ಹುಲಿಗೇಶ್ ಶೂ ಕೆಳಗಿಟ್ಟು, ಎದ್ದು, ಗಂಟಲು ಸರಿಮಾಡಿಕೊಂಡ. "ಆನ್ ಟ್ಯೂಸ್‌ಡೇ ಐ ಟೇಕ್..."

"ಟುಕ್," ಎಂದಿತು ಆಕೆಯ ಬಾಯಿ.

ಅವನು ಮಾತು ನಿಲ್ಲಿಸಿದ. ಬೈಕ್ ತೊಳೆಯಬೇಕು ಎಂದು ಹೊರಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಒಳಗೆ ಸುಮಲತಾಳಿಗೆ ತನ್ನ ಮೇಲೆ ಬಂದ ಸಿಟ್ಟಿಗಿಂತ ಆ ಹುಡುಗಿಯ ಮೇಲಿನ ಹೊಟ್ಟೆಕಿಚ್ಚೇ ಜಾಸ್ತಿಯಾಗಿತ್ತು. ಸುಮ್ಮನೆ ಕೂತು ಕೇಳುವುದು, ಅದೇನು ದೊಡ್ಡ ವಿದ್ಯೆಯೇ? ಆದರೆ ತನಗದು ಬರುತ್ತಿಲ್ಲ, ಅವಳಿಗೆ ಬರುತ್ತದೆ.

ಸಂದರ್ಶನ ಸೋಮವಾರ. ಭಾನುವಾರ ಬೆಳಿಗ್ಗೆ ಆಕೆ ಒಗ್ಗರಣಿ ಮಂಡಕ್ಕಿ ಮಾಡಿ, ಮಿರ್ಚಿ ಕರಿದು, ಎರಡು ತಾಟು ಹಿಡಿದು ಬಂದಳು. ಒಂದನ್ನು ಅವನಿಗೆ ಕೊಟ್ಟು, ಇನ್ನೊಂದರಿಂದ ಬಾಯಿ ತುಂಬಾ ಮಂಡಕ್ಕಿ ಹಾಕಿಕೊಂಡು, ಶುರು ಮಾಡಿ ಎಂದು ಕೈಸನ್ನೆ ಮಾಡಿದಳು.

ಹುಲಿಗೇಶ್ ಅರೆಗಳಿಗೆ ನೋಡಿ ನಕ್ಕುಬಿಟ್ಟ. "ಖರೇನ ಬಾಯಿಗೆ ಬೀಗ ಹಾಕ್ಕಂಡು ಬಂದೀ?" ಆಕೆ ಹೂಂ ಎಂದು ತಲೆಯಾಡಿಸಿದಳು.

ಅವನು ಹೇಳತೊಡಗಿದ. ಮಂಗಳವಾರ ಕ್ರೇನಿನ ಬ್ರೇಕ್ ತಡವಾಗಿ ಹಿಡಿಯುತ್ತಿದೆ ಅನ್ನಿಸಿತ್ತು. ಕೆಳಗಿದ್ದವರು ಏನೂ ಆಗುವುದಿಲ್ಲ, ಜಲ್ದಿ ಇಳಿಸು ಎಂದರು. ಅವನು ಒಪ್ಪಲಿಲ್ಲ. ಕೆಳಗಿನವರನ್ನು ದೂರ ಸರಿಸಿ, ಭಾರವನ್ನು ತುಸುತುಸುವೇ ಇಳಿಸಿದ. ನಂತರ ತಪಾಸಣೆ ಮಾಡಿದವರು ಅವನ ಅನುಮಾನ ಸರಿ ಎಂದರು. ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದ. ಟೇಕ್ ಎಲ್ಲಿಯೂ ಟುಕ್ ಆಗಲಿಲ್ಲ. ಪದ ಸಿಗದ ಕಡೆ ಕೈ ಬಂತು. ಸುಮಲತಾ ಮಂಡಕ್ಕಿ ಅಗಿದಳು, ಅದು ಮುಗಿದಾಗ ಮಿರ್ಚಿ ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂದ ನೀರು ಎಂದು ಅವನು ತಿಳಿದ. ಅಷ್ಟು ಎತ್ತರದಲ್ಲಿ ಒಬ್ಬನೇ ಕೂತು, ಎಲ್ಲರೂ ಅವಸರ ಮಾಡುತ್ತಿರುವಾಗ ತಡೆದುಕೊಂಡ ಗಂಡನ ಕಥೆ ಇಡೀ ವಾರ ಬಸ್ಸಿಗೆ ಗೊತ್ತಿತ್ತು; ಅಂದು ರಾತ್ರಿ ಅನ್ನ ಬಡಿಸಿದ ತನಗೆ ಗೊತ್ತಿರಲಿಲ್ಲ.

ಅವನು ಮುಗಿಸಿದ. ಈಗ ಆಕೆ ತಿರುಗಿ ಹೇಳಬೇಕು. ನೀರು ಕುಡಿದು ಶುರು ಮಾಡಿದಳು. ತಿದ್ದುವ ಆಸೆ ವಾಕ್ಯ ವಾಕ್ಯಕ್ಕೂ ಎದ್ದಿತು. ಆದರೂ ಅವನ ಟೇಕ್‌ಗಳನ್ನು ಇದ್ದ ಹಾಗೆಯೇ ಹೇಳಿದಳು. ಕಾಲೇಜಿನ ಮೊದಲ ವರ್ಷದಿಂದ ಇಲ್ಲಿಯತನಕ ಆಕೆ ಬೇಕೆಂದು ಆಡಿದ ಮೊದಲ ತಪ್ಪು ಇಂಗ್ಲಿಷ್ ಅದು.

"ಒಂದು ಬಿಟ್ಟಿ," ಎಂದ ಹುಲಿಗೇಶ್. "ಮಂದಿನ್ನ ದೂರ ಸರಸ್ದೆ ಅಂದೆ. ಅದನ್ನ ನೀ ಹೇಳಲಿಲ್ಲ. ಅದಾದ ಮ್ಯಾಲೆ ನಾ ಇಳಿಸಿದ್ದು."

ಆಕೆ ಮೊದಲಿನಿಂದ ಮತ್ತೆ ಹೇಳಿದಳು. ಮಂದಿಯನ್ನು ದೂರ ಸರಿಸಿದಳು, ಆಮೇಲೆ ಭಾರ ಇಳಿಸಿದಳು. ಅವನು ತಲೆಯಾಡಿಸಿ, ತಣ್ಣಗಾಗಿದ್ದ ತನ್ನ ತಾಟನ್ನು ಎತ್ತಿಕೊಂಡ.

ಹುದ್ದೆ ಸಿಕ್ಕಿತು. ಸಂದರ್ಶನದಲ್ಲಿ ಏನು ಹೇಳಿದ, ಎಷ್ಟು ಟುಕ್ ಆಯಿತು ಎಂದು ಸುಮಲತಾ ಕೇಳಲಿಲ್ಲ. ಕೇಳದಿರಲು ಬಹಳ ಕಷ್ಟಪಟ್ಟಳು. ಹುಲಿಗೇಶ್ ಈಗಲೂ ಬಸ್ಸಿನಲ್ಲಿ ಸುಷ್ಮಿತಾಳ ಪಕ್ಕವೇ ಕೂರುತ್ತಾನೆ. ಅದು ಸುಮಲತಾಳಿಗೆ ಈಗಲೂ ಹಿಡಿಸುವುದಿಲ್ಲ.

ಸಂಜೆ ಅವನು ಬಂದು ಕಾಲು ತೊಳೆದುಕೊಂಡು, "ಚಾರ್ಜ್ ತಗೊಂತೀ?" ಎನ್ನುತ್ತಾನೆ.

"ಬಸ್ಸಿನಾಗ ಹೇಳಿ ಬಂದದ್ದಾ, ಹೊಸಾದಾ?"

"ಹೊಸಾದು. ಆಕಿಗೆ ಹೇಳಿಲ್ಲ."

ಆಗ ಮಾತ್ರ ಸುಮಲತಾ ಒಲೆ ಆರಿಸಿ ಬಂದು ನಿಲ್ಲುತ್ತಾಳೆ.