ಹಾಕಬೇಡಿ ಎಂದು ಬರೆದ ಅಧ್ಯಾಯ

ಈ ಸಂಗತಿಯನ್ನು ನಾನು ಹೇಳಿದಾಗಲೆಲ್ಲ ಅದು ಮಾನ್ವಿಯ ಅಡುಗೆಮನೆಯಿಂದ ಶುರುವಾಗುತ್ತದೆ. ಕೇಳುವವರಿಗೂ ಅದೇ ಇಷ್ಟ. ಒಳಗೆ ಮಡಿಯಲ್ಲಿರುವ ಸೋದರತ್ತೆ, ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಅವರ ಸೊಸೆ, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ನಾನು. ನಗು ಬರುತ್ತದೆ. ಆದರೆ ಹೇಳಿ ಹೇಳಿ ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಆದ್ದರಿಂದ ಈ ಸಲ ರಾಯಚೂರಿನಿಂದ, ನಗು ಬರದ ಕಡೆಯಿಂದ ಶುರು ಮಾಡುತ್ತೇನೆ.

ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪಾಠದ ಟಿಪ್ಪಣಿಗಳನ್ನು ಪುಟವಾಗಿ ಜೋಡಿಸಲು ಬಹಳ ವರ್ಷಗಳಿಂದ ಒಂದು ಮುಕ್ತ ತಂತ್ರಾಂಶ ಬಳಸುತ್ತಿದ್ದೇನೆ. ಅದರಲ್ಲಿ ಬರೆಯುವಾಗ ಪುಟ ಹೇಗಿರುತ್ತದೆ ಎಂದು ಕಾಣುವುದಿಲ್ಲ. ಸಾದಾ ಅಕ್ಷರಗಳ ನಡುವೆ ಇದು ತಲೆಬರಹ, ಇದು ಪದ್ಯ, ಇದು ಅಡಿಟಿಪ್ಪಣಿ ಎಂದು ಸಣ್ಣ ಗುರುತು ಹಾಕುತ್ತ ಹೋಗಬೇಕು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ತಿರುಗಬೇಕು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಅದನ್ನು ಯಾರೂ ಮಾರುವುದಿಲ್ಲ. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ಅದಕ್ಕೆ ಬಾರದ ಕೆಲಸವನ್ನು ಅದಕ್ಕೆ ಕಲಿಸಬಹುದು. ಹಾಗೆ ಕಲಿಸಿದ್ದಕ್ಕೆ ವಿಸ್ತರಣೆ ಎನ್ನುತ್ತಾರೆ.

ನನ್ನ ವಿಸ್ತರಣೆ ಹಾಡಿನ ಪುಸ್ತಕಗಳಿಗಾಗಿ. ನಮ್ಮ ಮನೆಗಳಲ್ಲಿ ದೇವರ ಹಾಡು ಬರೆದಿಡುವ ಹೆಂಗಸರು ಪಲ್ಲವಿಯನ್ನು ಒಮ್ಮೆ ಮಾತ್ರ ಪೂರ್ತಿ ಬರೆಯುತ್ತಾರೆ. ಪ್ರತಿ ಚರಣ ಮುಗಿದಲ್ಲಿ, ಮತ್ತೆ ಪಲ್ಲವಿಗೆ ಹೋಗಬೇಕು ಎಂಬ ನೆನಪಿಗೆ, ಬಲತುದಿಯಲ್ಲಿ ಪಲ್ಲವಿಯ ಮೊದಲ ಪದ ಬರೆದು ಎರಡು ಗೀಟು ಎಳೆಯುತ್ತಾರೆ. ನನ್ನ ವಿಸ್ತರಣೆ ಆ ಪದವನ್ನು ತಾನೇ ಆರಿಸಿ ಬಲತುದಿಗೆ ಕೂರಿಸಿ ಗೀಟು ಎಳೆಯುತ್ತದೆ. ಪಲ್ಲವಿಯನ್ನು ತಿದ್ದಿದರೆ ಪ್ರತಿ ಚರಣದ ಕೊನೆಯಲ್ಲೂ ತಾನೇ ತಿದ್ದಿಕೊಳ್ಳುತ್ತದೆ. ಇದನ್ನೆಲ್ಲ ಒಂದು ಬೇಸಿಗೆ ರಜೆಯಲ್ಲಿ ಸಲೀಸಾಗಿ ಮಾಡಿಬಿಟ್ಟಿದ್ದೆ.

ಸಲೀಸಾಗದೇ ಹೋದದ್ದು ಅದರ ಕೈಪಿಡಿ.

ಯಾರೋ ಬರೆದ ವಿಸ್ತರಣೆ ಆ ತಂತ್ರಾಂಶದ ಜೊತೆಗೇ ಎಲ್ಲರಿಗೂ ಸಿಗಬೇಕಾದರೆ ಅದನ್ನು ನೋಡಿಕೊಳ್ಳುವವರು ಒಪ್ಪಬೇಕು. ಒಪ್ಪುವ ಕೆಲಸ ಬೇರೆ ದೇಶದ ಒಬ್ಬರದು. ನಾನು ಅವರನ್ನು ಬಲ್ಲದ್ದು ಪತ್ರಗಳಲ್ಲಿ ಮಾತ್ರ. ಕೈಪಿಡಿಯಿಲ್ಲದ ವಿಸ್ತರಣೆಯನ್ನು ಅವರು ಮುಟ್ಟುವುದಿಲ್ಲ. ನಾನು ಕೈಪಿಡಿಯನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಅಲ್ಲಿಯವರೆಗೆ ಆ ತಂತ್ರಾಂಶಕ್ಕೆ ಕನ್ನಡದ ಕೈಪಿಡಿ ಒಂದೂ ಇರಲಿಲ್ಲ. ನಮ್ಮ ಹಾಡು ಜೋಡಿಸುವ ವಿಧಾನವನ್ನು ಆ ಹಾಡು ಹಾಡುವವರೇ ಓದಲಾರದ ಭಾಷೆಯಲ್ಲಿ ವಿವರಿಸುವುದಕ್ಕೆ ನನ್ನ ಮನಸ್ಸು ಒಪ್ಪಿರಲಿಲ್ಲ. ಅವರು ಉತ್ತರಿಸಿದರು: ಕನ್ನಡ ನನಗೆ ಬಾರದು, ಚೆನ್ನಾಗಿದೆಯೋ ಇಲ್ಲವೋ ಹೇಗೆ ಹೇಳಲಿ? ಈ ತಂತ್ರಾಂಶವನ್ನು ಎಂದೂ ಬಳಸದ ಇಬ್ಬರು, ನಿಮ್ಮ ಕೈಪಿಡಿಯೊಂದನ್ನೇ ಹಿಡಿದು, ಮಾದರಿಯಂಥ ಒಂದು ಹಾಡಿನ ಪುಟ ಸಿದ್ಧಮಾಡಲಿ. ನೀವು ಎದುರಿಗೇ ಇರಬಹುದು, ಬಾಯಿ ಬಿಡಬಾರದು. ಎರಡು ಪುಟವೂ ಸರಿ ಬಂದರೆ ಕನ್ನಡ ಕೈಪಿಡಿ ಮುಂದಿನ ಆವೃತ್ತಿಯಲ್ಲಿ ಇರುತ್ತದೆ. ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆಯಿರಿ.

ಈಗ ಅಡುಗೆಮನೆಗೆ ಬರಬಹುದು.

ಅತ್ತೆ ಮಾನ್ವಿಯ ಹೆಂಗಸರ ಭಜನಾ ಮಂಡಳಿಯ ಮುಂದಾಳು. ಮಂಡಳಿಯ ಹಾಡುಗಳ ಪುಸ್ತಕ ಮಾಡಿಸಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದರು. ಹಾಗಾಗಿ ಒಂದು ಭಾನುವಾರ ಅವರ ಮನೆಗೇ ಹೋದೆ. ಟೈಪ್ ಮಾಡಬೇಕಾದವರು ಅವರ ಸೊಸೆ. ಅತ್ತೆ ನೈವೇದ್ಯದ ಅಡುಗೆಯಲ್ಲಿದ್ದರು. ನೈವೇದ್ಯ ಆಗುವ ತನಕ ಮಡಿ. ಹೊರಗೆ ಬಂದು ಲ್ಯಾಪ್‌ಟಾಪ್ ಹತ್ತಿರ ನಿಲ್ಲುವ ಹಾಗಿಲ್ಲ, ಕಾಗದ ಮುಟ್ಟುವ ಹಾಗಿಲ್ಲ. ಆದರೆ ತನ್ನ ಮಂಡಳಿಯ ಕೆಲಸ ತನ್ನನ್ನು ಬಿಟ್ಟು ನಡೆಯಬಾರದು.

"ಮನಸ್ಸಿನಾಗ ಓದ್ಕೋಬ್ಯಾಡವಾ, ಜೋರಾಗಿ ಓದು. ನನಗೂ ಕೇಳ್ಲಿ," ಎಂದರು ಒಳಗಿನಿಂದ.

ಸೊಸೆ ಜೋರಾಗಿ ಓದಿದಳು: "ಕೆಳಗೆ ತೋರಿಸಿದಂತೆ ಹಾಡಿನ ಹೆಸರನ್ನು ಬರೆಯಿರಿ."

"ಕೆಳಗ ಅಂದ್ರ ಎಲ್ಲೆ?"

"ಇಲ್ಲೇ ಅದರಿ ಅತ್ಯಾ, ಕಾಗದದಾಗ."

"ನಿನಗ ಅದ. ನನಗೆಲ್ಲೆ ಅದ?"

"ಟೈಪ್ ಮಾಡೋಳು ನಾನಲ್ರಿ?"

"ಮಾಡೋಳು ನೀನು, ಮಾಡ್ಸೋಳು ನಾನು. ನಾಳೆ ಮಂಡಳಿಯೊಳಗ ಯಾರರೆ ಕೇಳಿದ್ರ ಏನ್ ಹೇಳ್ಲಿ? ಕೆಳಗ ಅದ ನೋಡ್ಕೋರಿ ಅಂತ ಹೇಳ್ಲೇನು? ಹ್ಞಂ, ಮುಂದ ಓದು."

"ಈ ಗುರುತಿನ ನಂತರ ಪಲ್ಲವಿಯನ್ನು ಬರೆಯಿರಿ."

"ಯಾ ಗುರುತು?"

"ಇದು."

"ಅದಕ್ಕೊಂದು ಹೆಸರಿಲ್ಲೇನು? ತೊಗರಿಬ್ಯಾಳಿಗೆ ತೊಗರಿಬ್ಯಾಳಿ ಅಂತೀವಿ. ಇದು ತಾ, ಅದು ತಾ ಅಂದ್ರ ಅಂಗಡಿಯಾಂವ ಏನ್ ಕೊಡ್ತಾನ?"

ಸೊಸೆ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಗುತ್ತ ಆಕೆ ಹೇಗೋ ಮುಂದುವರಿಸಿದಳು, ಹಾಡನ್ನು ಪೂರ್ತಿ ಹೊಡೆದಳು, ಪುಟ ಕಟ್ಟುವ ಆಜ್ಞೆ ಕೊಟ್ಟಳು. ಪುಟ ಬಂತು. ಪ್ರತಿ ಚರಣದ ಕೊನೆಯಲ್ಲಿ ಪಲ್ಲವಿಯ ಪದ ಎರಡೆರಡು ಸಲ ಕೂತಿತ್ತು, ಎರಡು ಗೀಟಿನ ಪಕ್ಕ ಇನ್ನೆರಡು ಗೀಟು.

ಒಂದು ವಿಸ್ತರಣೆ ಹಾಕಿದ್ದು. ಇನ್ನೊಂದು ಆಕೆಯೇ ಹಾಕಿದ್ದು.

"ಯಾಕ, ಏನಾತು?" ಒಳಗಿಂದ ಪ್ರಶ್ನೆ.

"ಚರಣದ ಕಡೀಕ ಎರಡೆರಡು ಬಂದಾವ್ರಿ. ನಾ ಒಂದು ಹಾಕಿದ್ದೆ, ಅದೂ ಒಂದು ಹಾಕೇದ."

"ನೀ ಹಾಕಿದ್ದು ಸರಿನೇ ಅದ."

"ಮತ್ತ! ಚರಣ ಮುಗಿದ ಮ್ಯಾಲೆ ಹಾಕದನ ಹ್ಯಾಂಗ ಬಿಡ್ಲಿ?"

"ಬಿಟ್ರ ಹಾಡು ಅರ್ಧಕ್ಕ ನಿಂತಂಗ ಆಗ್ತದ," ಎಂದು ಅತ್ತೆ ತೀರ್ಪು ಕೊಟ್ಟರು. ಅತ್ತೆ ಸೊಸೆ ಇಬ್ಬರೂ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕೈಪಿಡಿಯಲ್ಲಿ ಆ ಪದವನ್ನು ವಿಸ್ತರಣೆ ತಾನಾಗಿ ಸೇರಿಸುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದೆ. ಆಕೆ ಅದನ್ನು ಜೋರಾಗಿ ಓದಿಯೂ ಇದ್ದಳು. ಆದರೂ ಹಾಡು ಬರೆಯಲು ಕಲಿತ ದಿನದಿಂದ ಚರಣದ ಕೊನೆಗೆ ಬಂದ ಕೈ ಆ ಪದ ಬರೆಯದೆ ನಿಂತದ್ದೇ ಇಲ್ಲ. ಹಾಡು ಗೊತ್ತಿಲ್ಲದವರು ಈ ತಪ್ಪು ಮಾಡುವುದಿಲ್ಲ. ಯಾರಿಗಾಗಿ ವಿಸ್ತರಣೆ ಬರೆದೆನೋ ಅವರೆಲ್ಲ, ಒಬ್ಬರೂ ಬಿಡದೆ, ಮಾಡುತ್ತಾರೆ. ಮೊದಲ ಪುಟ ಸೋತಿತು. ಒಪ್ಪಿಗೆ ಕೊಡಬೇಕಾದ ಹೊರದೇಶದವರಿಗೆ ಹಾಗೆಯೇ ಬರೆದು ತಿಳಿಸಿದೆ. ತಿದ್ದಿ ಬೇರೆಯವರ ಹತ್ತಿರ ಮತ್ತೆ ನೋಡಿ ಎಂದು ಉತ್ತರ ಬಂತು.

ರಾಯಚೂರಿಗೆ ಬಂದು ಕೈಪಿಡಿಯನ್ನು ಬುಡದಿಂದ ಬರೆದೆ. 'ಕೆಳಗೆ', 'ಇಲ್ಲಿ', 'ಈ ರೀತಿ' ಎಂಬ ಪದಗಳನ್ನೆಲ್ಲ ಕಿತ್ತೆ. ಪ್ರತಿ ಗುರುತಿಗೂ ಬಾಯಲ್ಲಿ ಹೇಳಬಹುದಾದ ಕನ್ನಡದ ಹೆಸರಿಟ್ಟೆ. ಎಲ್ಲಕ್ಕಿಂತ ಮೊದಲು ಒಂದು ಹೊಸ ಅಧ್ಯಾಯ ಸೇರಿಸಿದೆ. ಅದರ ತಲೆಬರಹ: ಇವನ್ನು ನೀವು ಹಾಕಬೇಡಿ. ನಿಮ್ಮ ಕೈಗೆ ರೂಢಿಯಾದದ್ದು ಏನು, ಅದನ್ನು ಇಲ್ಲಿ ಯಾಕೆ ತಡೆದುಕೊಳ್ಳಬೇಕು, ತಡೆದರೆ ಹಾಡು ಅರ್ಧಕ್ಕೆ ನಿಂತಂತೆ ಅನ್ನಿಸಿದರೂ ಯಾಕೆ ನಿಲ್ಲುವುದಿಲ್ಲ.

ನಾನು ಕಥೆ ಹೇಳುವಾಗ ಈ ತಿದ್ದುಪಡಿಗಳೆಲ್ಲ ಅತ್ತೆಯ ಮಾತಿನಿಂದ ಆದವು ಎನ್ನುತ್ತೇನೆ. ಇದನ್ನು ಬರೆಯುವ ಮುನ್ನ ಕೈಪಿಡಿಯ ಹಳೆಯ ಆವೃತ್ತಿಗಳನ್ನು ತೆಗೆದು ನೋಡಿದೆ. 'ಕೆಳಗೆ' ಎಂಬ ಪದವನ್ನು ಕೆಲವು ಕಡೆ ನಾನು ಮಾನ್ವಿಗೆ ಹೋಗುವ ಮೊದಲೇ ತೆಗೆದಿದ್ದೆ. ಅಂದರೆ ತೊಗರಿಬೇಳೆಯ ಮಾತಿಗೆ ಮೊದಲೇ ಅದು ನನಗೆ ಹೊಳೆದಿತ್ತೇ? ಇಲ್ಲವೆ ಪುಟದ ಸಾಲು ಕಡಿಮೆ ಮಾಡಲು ತೆಗೆದೆನೇ? ಪಕ್ಕದಲ್ಲಿ ನಾನೇ ಬರೆದ ಟಿಪ್ಪಣಿ "ಸ್ಪಷ್ಟತೆಗಾಗಿ" ಎನ್ನುತ್ತದೆ. ಏನು ಮಾಡಿದರೂ ನಾನು ಹಾಗೆಯೇ ಟಿಪ್ಪಣಿ ಬರೆಯುತ್ತೇನೆ. ಆ ಟಿಪ್ಪಣಿಯನ್ನೂ ನಂಬಲಾರೆ, ಅಡುಗೆಮನೆಯನ್ನೂ ಪೂರ್ತಿ ನಂಬಲಾರೆ. ಹಾಕಬೇಡಿ ಎಂಬ ಅಧ್ಯಾಯ ಮಾತ್ರ ಹಳೆಯ ಯಾವ ಆವೃತ್ತಿಯಲ್ಲೂ ಇಲ್ಲ. ಅಷ್ಟು ಖಾತ್ರಿ.

ಹೊಸ ಕೈಪಿಡಿ ಹಿಡಿದು ದೇವದುರ್ಗಕ್ಕೆ ಹೋದೆ. ಅಲ್ಲಿ ಮದುವೆ ಕಾರ್ಡು, ಕರಪತ್ರ ಮುದ್ರಿಸುವ ಒಬ್ಬರು ಪರಿಚಯ. ಅತ್ತೆಯ ಪುಸ್ತಕವನ್ನೂ ಅವರೇ ಅಚ್ಚು ಹಾಕುವುದೆಂದು ಮಾತಾಗಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಚಾ ತರಿಸ್ತೀನಿ. ಪರೀಕ್ಷಾ ಅಂದ್ರಲ್ಲ, ಕಾಪಿ ಹೊಡಿಯಾಕ ಬಿಡ್ತೀರೇನು?"

"ಕಾಪಿ ಹೊಡಿಯಾಕಂತನ ಬರದೀನ್ರಿ. ಇನ್ನ ಮ್ಯಾಲೆ ನಾ ಮಾತಾಡಂಗಿಲ್ಲ," ಎಂದು ನಾನು ಚಹಾ ಹಿಡಿದು ಕೂತೆ.

ಅವರು ಮೊದಲ ಅಧ್ಯಾಯ ಓದಿದರು. ಅತ್ತೆಯ ಕೈಬರಹದ ಹಾಡು ನೋಡಿ ಹೊಡೆಯುತ್ತ ಚರಣದ ಕೊನೆಗೆ ಬಂದಾಗ ಕೈ ಕೀಲಿಯ ಮೇಲೆ ಹೋಯಿತು, ನಿಂತಿತು. ಕೈಪಿಡಿ ತಿರುವಿ ನೋಡಿದರು. "ಹಾಕಬ್ಯಾಡಂತ ಬರದಾರ," ಎಂದು ತಮಗೇ ಹೇಳಿಕೊಂಡು ಕೈ ಹಿಂದೆ ತೆಗೆದರು. ನನ್ನ ಚಹಾ ಆರಿಹೋಗಿತ್ತು. ಒಬ್ಬ ಮನುಷ್ಯನ ಬೆರಳು ನನ್ನ ಒಂದು ವಾಕ್ಯಕ್ಕೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿ ಇಂಥದ್ದು ಕಂಡದ್ದಿಲ್ಲ.

ಆದರೆ ಅದಕ್ಕೆ ಮೊದಲು, ಹಾಡಿನ ಹೆಸರು ಬಂದಾಗ, ಅವರು ಪಟಪಟ ಸ್ಪೇಸ್ ಹೊಡೆದಿದ್ದರು. ಮದುವೆ ಕಾರ್ಡಿನಲ್ಲಿ ವಧೂವರರ ಹೆಸರನ್ನು ನಡುವೆ ತರಲು ಅವರು ಮಾಡುವುದೇ ಹಾಗೆ. ಈ ತಂತ್ರಾಂಶ ಎಷ್ಟು ಸ್ಪೇಸ್ ಹೊಡೆದರೂ ಒಂದೇ ಎಂದು ತಿಳಿಯುತ್ತದೆ, ಹೆಸರನ್ನು ತಾನೇ ನಡುವೆ ಕೂರಿಸುತ್ತದೆ. ಪುಟ ಬಂತು. ಹೆಸರು ನಟ್ಟನಡುವೆ, ಪಲ್ಲವಿಯ ಪದ ಬಲತುದಿಯಲ್ಲಿ, ಒಂದೇ ಒಂದು ಸಲ.

"ನೋಡ್ರಿ, ಹ್ಯಾಂಗ ನಡಬರಕ ಕುಂತದ! ಸ್ಪೇಸ್ ಹೊಡಿಯೂದ್ರಾಗ ದೇವದುರ್ಗದಾಗ ನನ್ ಮೀರಿಸವ್ರಿಲ್ಲ."

ಪರೀಕ್ಷೆ ಮುಗಿದಿತ್ತು, ಈಗ ಮಾತಾಡಬಹುದಿತ್ತು. "ಆ ಸ್ಪೇಸ್ ಎಲ್ಲಾ ತಗದು ಮತ್ತೊಮ್ಮೆ ನೋಡ್ರಿ," ಎಂದೆ. ತೆಗೆದರು. ಪುಟ ಕದಲಲಿಲ್ಲ. ಮತ್ತೆ ಹೊಡೆದರು. ಆಗಲೂ ಕದಲಲಿಲ್ಲ. 

"ಅಕ್ಕಾರ, ಮತ್ತ ಇಷ್ಟ್ ವರ್ಷ ನಾ ಹೊಡದಿದ್ದು?"

"ಅವು ಕಾರ್ಡಿನಾಗ ಕೆಲಸಕ್ಕ ಬಂದಾವ ಬಿಡ್ರಿ."

"ಇದನ್ನೂ ಬರಕೋರಿ ಮತ್ತ, ಹಾಕಬ್ಯಾಡ್ರಿ ಅಂಬೂದ್ರಾಗ. ನನ್ ಬೆರಳು ಸವದಾವ."

ಬರೆದುಕೊಂಡೆ. ಎರಡನೆಯ ಪುಟ ಅತ್ತೆಯದೇ ಆಗಬೇಕೆಂದು ನನ್ನ ಹಟ. ಅತ್ತೆ ಹಳೆಯ ಕೈಪಿಡಿ ಕೇಳಿದ್ದಾರೆ, ಆದರೆ ತಂತ್ರಾಂಶವನ್ನು ಒಮ್ಮೆಯೂ ಬಳಸಿಲ್ಲ ಎಂದು ಆ ಹೊರದೇಶದವರಿಗೆ ಬರೆದೆ, ಒಪ್ಪಿದರು. ಮತ್ತೆ ಮಾನ್ವಿಯಲ್ಲೇ, ಆದರೆ ಈ ಸಲ ಊಟವಾದ ಮೇಲೆ, ಮಡಿಯ ಸೀರೆ ಬದಲಿಸಿದ ಮೇಲೆ. ಅತ್ತೆ ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಹುಡುಕುತ್ತ ಹೊಡೆದರು. ಸೊಸೆ ಮೂಲೆಯಲ್ಲಿ ನನ್ನ ಪಕ್ಕ ಬಾಯಿ ಮುಚ್ಚಿ ಕೂತಿದ್ದಳು. ಇದು ನನಗಿಂತ ಆಕೆಗೆ ಕಷ್ಟ. ಚರಣದ ಕೊನೆಯಲ್ಲಿ ಅತ್ತೆ ನಿಂತರು.

"ಇಲ್ಲೆ ಹಾಕಬಾರದು?"

ನಾನು ಮತ್ತೆ ಕ್ಯಾಲೆಂಡರ್ ನೋಡಿದೆ, ಸೊಸೆ ಬಾಯಿಗೆ ಕೈ ಒತ್ತಿಕೊಂಡಳು.

"ಏನ್ ಮೂಗಬಸವಣ್ಣಗಳಂಗ ಕೂತೀರಿ," ಎಂದು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆ ಅಧ್ಯಾಯವನ್ನು ಮತ್ತೆ ಓದಿದರು. ಹಾಕಲಿಲ್ಲ. ಬದಲಿಗೆ ಆ ಪದವನ್ನು ಬಾಯಲ್ಲಿ ರಾಗವಾಗಿ ಹಾಡಿ ಮುಂದಿನ ಚರಣಕ್ಕೆ ಹೋದರು. ಪ್ರತಿ ಚರಣಕ್ಕೂ ಹಾಗೆಯೇ ಮಾಡಿದರು. ಪುಟ ಸರಿಯಾಗಿ ಬಂತು. ಪ್ರತಿ ಚರಣಕ್ಕೂ ಹಾಗೆ ಹಾಡಿದರೋ, ಒಂದೆರಡಕ್ಕೆ ಮಾತ್ರವೋ? ಸೊಸೆಯನ್ನು ಕೇಳಿದರೆ ಒಂದೇ ಸಲ ಎನ್ನುತ್ತಾಳೆ. ಇರಲಿ.

ಎರಡೂ ಪುಟಗಳನ್ನು ಕಳಿಸಿದೆ. ಉತ್ತರ ಬಂದಾಗ ರಾಯಚೂರಿನ ಸಿಟಿ ಬಸ್ಸಿನಲ್ಲಿ ನಿಂತಿದ್ದೆ, ಒಂದು ಕೈ ಕಂಬಿಗೆ, ಒಂದು ಕೈಯಲ್ಲಿ ಫೋನು. ಕನ್ನಡ ಕೈಪಿಡಿ ಹಾಗೆಯೇ, ಕನ್ನಡದಲ್ಲಿಯೇ, ಮುಂದಿನ ಆವೃತ್ತಿಗೆ ಸೇರುತ್ತದೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಮಾತು: ಅಧ್ಯಾಯಗಳ ಹೆಸರನ್ನು ಯಂತ್ರದಿಂದ ಅನುವಾದಿಸಿ ನೋಡಿದೆ, ನಿಮ್ಮ ಮೊದಲ ಅಧ್ಯಾಯದಂಥದ್ದು ನಮ್ಮ ಬೇರೆ ಯಾವ ಕೈಪಿಡಿಯಲ್ಲೂ ಇಲ್ಲ, ಅದನ್ನು ಇಂಗ್ಲಿಷಿಗೆ ಮಾಡಿಕೊಡುತ್ತೀರಾ, ಉಳಿದವರೂ ಹಾಗೆ ಬರೆಯಲಿ. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ಹೆಮ್ಮೆಯೆನಿಸಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಇಷ್ಟು ಕಾಲ ಪಾಠಕ್ಕೆಂದು ಅಲ್ಲಿಂದ ಇಲ್ಲಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಅನುವಾದ ಮಾಡುತ್ತಿದ್ದವಳು ನಾನು. ಮೊದಲ ಸಲ ಇಲ್ಲಿಂದ ಅಲ್ಲಿಗೆ.

ದೇವದುರ್ಗದಲ್ಲಿ ಪುಸ್ತಕ ಅಚ್ಚಾಯಿತು. ಅತ್ತೆ ಅದನ್ನು ದೇವರ ಮುಂದೆ ಇಟ್ಟು, ಆಮೇಲೆ ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿದರು. ಚರಣದ ಕೊನೆಯ ಪದದ ಮೇಲೆ ಬೆರಳಿಟ್ಟರು.

"ಇದನ್ನ ಸೊಸಿ ಹಾಕಿಲ್ಲ?"

"ಇಲ್ಲ ಅತ್ಯಾ."

"ದೇವದುರ್ಗದಾಂವ ಹಾಕಿಲ್ಲ?"

"ಇಲ್ರಿ. ತಾನೇ ಹಾಕ್ಕೊಳ್ತದ."

"ಹಂಗಾದ್ರ ನೀ ಏನ್ ಮಾಡಿದಿ?"

"ಯಾರೂ ಹಾಕಬ್ಯಾಡ್ರಿ ಅಂತ ಬರದೆ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಛಲೋ ಬರದಿ," ಎಂದು ಪುಟ ತಿರುವಿದರು.