ಪುಟದ ತಳದಲ್ಲಿ ಕಾಣೆಯಾದ ಸಾಲು

ಅಮೆರಿಕದ ಡುಲೂತ್ ಊರಿನ ಮಾರ್ಲಿಸ್ ಹೌಗನ್‌ಗೆ ಪುಟವೆಂದರೆ ಮರ್ಯಾದೆಯ ಪ್ರಶ್ನೆ. ಇಪ್ಪತ್ತರ ವಯಸ್ಸಿನಲ್ಲಿ ಪತ್ರಿಕೆಯ ಅಚ್ಚುಮನೆಯಲ್ಲಿ ಅಂಚು ಅಳೆದು ಕಾಲಂ ಅಂಟಿಸಿದವಳು. ಅದು ಮುಚ್ಚಿದ ಮೇಲೆ ಪ್ರೋಗ್ರಾಮಿಂಗ್ ಕಲಿತು, ವಿಮಾ ಕಂಪನಿಯ ಪತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಕಳಿಸುವ ಕಚೇರಿ ಸೇರಿದಳು. ಈಗ ಐವತ್ತೊಂಬತ್ತು. ಯಾರಾದರೂ ಅಂಚು ಕೆಡಿಸಿದರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಒಂದು ಭಾನುವಾರ ಚರ್ಚಿನ ಊಟದಲ್ಲಿ ನೆರೆಮನೆಯ ಆರ್ಡಿಸ್ ತಟ್ಟೆ ಸರಿಸಿ ಒಂದು ಪತ್ರ ಮುಂದಿಟ್ಟಳು. ಪಾರ್ಶ್ವವಾಯು ಬಡಿದ ಅವಳ ಗಂಡನ ಆರೈಕೆಗೆ ಮನೆಗೆ ಬರುತ್ತಿದ್ದ ನರ್ಸನ್ನು ವಿಮೆಯವರು ನಿಲ್ಲಿಸಿದ್ದರು.

"ತಕರಾರು ಹಾಕ್ಲಿಲ್ವೇನೇ? ಮೂವತ್ತು ದಿನ ಟೈಮಿರುತ್ತೆ," ಎಂದಳು ಮಾರ್ಲಿಸ್.

"ಹಾಕ್ಬೋದು ಅಂತ ಎಲ್ಲಿ ಬರೆದಿದೆ ತೋರ್ಸೇ! ನಂಗೇನು ಕನಸು ಬೀಳತ್ತಾ?"

ಪತ್ರ ಮಾರ್ಲಿಸ್‌ಳ ಕಚೇರಿಯದೇ. ತಳದಲ್ಲಿ ಆ ಸಾಲು ಇರಬೇಕಾದ ಕಡೆ ಅಕ್ಷರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಪತ್ರ ಬಂದು ಮೂವತ್ತೈದು ದಿನವಾಗಿತ್ತು.

ಸೋಮವಾರ ಕಚೇರಿಗೆ ಹೋಗಿ ಹುಡುಕಿದರೆ ಕಾರಣ ಬಿಟ್ಟುಹೋದ ಒಂದೇ ಒಂದು ಪದ. ಎರಡು ತಿಂಗಳ ಹಿಂದೆ ಮೇಲಧಿಕಾರಿ ಟ್ರೆಂಟ್ ಪತ್ರ ತಯಾರಿಸಲು ಹೊಸ ಲೈಬ್ರರಿ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮ್, ತಂದಿದ್ದ. ಯುರೋಪಿನವರು ಬರೆದದ್ದು, ಅಳತೆ ಹೇಳದಿದ್ದರೆ ಪುಟವನ್ನು ಎ-ಫೋರ್ ಎಂದುಕೊಳ್ಳುತ್ತದೆ. ಇಲ್ಲಿನ ಪ್ರಿಂಟರಿನಲ್ಲಿರುವುದು ಅಮೆರಿಕದ 'ಲೆಟರ್' ಅಳತೆಯ ಹಾಳೆ, ಅದಕ್ಕಿಂತ ಸುಮಾರು ಮುಕ್ಕಾಲು ಇಂಚು ಗಿಡ್ಡ. ಟ್ರೆಂಟ್ ಅಳತೆ ಹೇಳಿರಲಿಲ್ಲ. ತೆರೆಯ ಮೇಲೆ ಚೆಂದ ಕಂಡಿತು, ಕೈತೊಳೆದುಕೊಂಡ. ಒಂದು ಹಾಳೆ ಅಚ್ಚು ಹಾಕಿ ನೋಡಲೂ ಸೋಮಾರಿತನ. ಮಾರ್ಲಿಸ್ ನೇರ ಅವನ ಬಳಿ ಹೋಗಿ ಹೇಳಿದಳು.

"ಗೊತ್ತು ಮಾರ್ಲಿಸ್, ಸರಿಮಾಡೋ ಲಿಸ್ಟಲ್ಲಿದೆ. ಮೂರು ತಿಂಗಳು ಬಿಟ್ಟು ನೋಡೋಣ."

"ಗೊತ್ತಿದ್ದೂ ಸುಮ್ನಿದ್ದೀಯಾ?"

"ವಿಮಾ ಕಂಪನಿಯವರು ಖುಷಿಯಾಗಿದಾರೆ ರೀ. ತಕರಾರು ಅರ್ಧಕ್ಕರ್ಧ ಇಳಿದಿದೆಯಂತೆ. ಪುಟದ ತಳ ಯಾರ್ರೀ ಓದ್ತಾರೆ?"

ಥೂ, ಇವನ ಜನ್ಮಕ್ಕಿಷ್ಟು ಬೆಂಕಿ ಹಾಕ! ಇಂಥವನ ಎದುರು ಕೂತು ಕಾಫಿ ಕುಡಿದಿದ್ದಕ್ಕೂ ಮಾರ್ಲಿಸ್‌ಗೆ ಹೇಸಿಗೆಯಾಯಿತು.

ಪುಟದ ಅಳತೆ ಟ್ರೆಂಟ್‌ನ ಕೈಲಿತ್ತು. ಪುಟದ ತಲೆಗೇನು, ತಳಕ್ಕೇನು ಎಂಬುದು ಮಾರ್ಲಿಸ್‌ಳ ಕೈಲಿ. ಅವಳು ಎರಡನ್ನೂ ಅದಲುಬದಲು ಮಾಡಿದಳು. ತಕರಾರಿನ ಸಾಲು ಎಲ್ಲಕ್ಕಿಂತ ಮೇಲೆ ಬಂತು, ವಿಮಾ ಕಂಪನಿಯ ಲೋಗೋ ತಳಕ್ಕೆ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಟ್ರೆಂಟ್ ಏದುಸಿರು ಬಿಡುತ್ತ ಓಡಿಬಂದ. "ಲೋಗೋ ಅರ್ಧ ಕತ್ತರಿಸಿ ಹೋಗಿದೆ ಮಾರ್ಲಿಸ್! ಕಂಪನಿಯವರು ಕೆಂಡಾಮಂಡಲ ಆಗಿದಾರೆ!"

"ಲಿಸ್ಟಲ್ಲಿ ಬರ್ಕೋಪ್ಪಾ. ಮೂರು ತಿಂಗಳು ಬಿಟ್ಟು ನೋಡೋಣ."

"ತಮಾಷೆ ಬೇಡ ರೀ!" ಎಂದವನೇ ನಿಂತ ನಿಲುವಿನಲ್ಲೇ ಪುಟದ ಅಳತೆ ಬದಲಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ. "ಲೋಗೋ ಕೆಟ್ಟಿರೋ ಪತ್ರಗಳನ್ನೆಲ್ಲ ಇವತ್ತೇ ಮತ್ತೆ ಕಳಿಸಿ."

"ಅದಕ್ಕೂ ಹಿಂದಿನ ಎರಡು ತಿಂಗಳ ಪತ್ರಗಳು?"

ಟ್ರೆಂಟ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅವಕ್ಕೇನಾಗಿದೆ? ಅವುಗಳಲ್ಲಿ ಲೋಗೋ ಸರಿಯಾಗೇ ಇದೆಯಲ್ಲ."

ಆರ್ಡಿಸ್‌ಳ ಪತ್ರದಲ್ಲೂ ಲೋಗೋ ಸರಿಯಾಗೇ ಇತ್ತು. ಇನ್ನು ಗಂಡನನ್ನು ಅವಳೊಬ್ಬಳೇ ಎತ್ತಿ ಕೂರಿಸಬೇಕು.